ಬೆಳಗಾಗಲಿ, ಆಮೇಲೆ ಹೊರಡು

ಎರಡು ತಿಂಗಳ ಹಿಂದೆ ನಮ್ಮ ಕಂಪನಿಯವರು ಕೊಯಮತ್ತೂರಿನ ಅವಿನಾಶಿ ರಸ್ತೆಯ ಹೋಟೆಲೊಂದರಲ್ಲಿ ಅರ್ಧ ದಿನದ ತರಬೇತಿ ಇಟ್ಟುಕೊಂಡಿದ್ದರು. ವಿಷಯ, ಅಧಿಕಾರಿಗಳ ವೈಯಕ್ತಿಕ ಭದ್ರತೆ ಮತ್ತು ಪ್ರಯಾಣದಲ್ಲಿ ವಹಿಸಬೇಕಾದ ಎಚ್ಚರಿಕೆ. ಪಾಠ ಮಾಡಲು ಸೇನೆಯಿಂದ ನಿವೃತ್ತರಾದ ಒಬ್ಬರು ಬಂದಿದ್ದರು. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಏರಿಯಾ ಸರ್ವಿಸ್ ಮ್ಯಾನೇಜರ್ ಎಂದು ಬರೆದಿದೆ. ಆದರೆ ಕೆಲಸ ಹಳೆಯದೇ. ತಿರುಪ್ಪೂರಿನ ಗಾರ್ಮೆಂಟ್ ಯುನಿಟ್‌ಗಳಲ್ಲಿ ಕೆಟ್ಟು ನಿಂತ ಕಂಪ್ರೆಸರ್‌ಗಳನ್ನು ಮತ್ತೆ ಓಡುವಂತೆ ಮಾಡುವುದು, ಅದಕ್ಕೆ ಹುಡುಗರನ್ನು ಕಳುಹಿಸುವುದು.

ಅವರು ಹೇಳಿಕೊಟ್ಟದ್ದು ಇಷ್ಟು. ವಿಮಾನ ನಿಲ್ದಾಣದಲ್ಲಿ ನಿಮ್ಮ ಹೆಸರು, ಕಂಪನಿಯ ಹೆಸರು ಬರೆದ ಬೋರ್ಡ್ ಹಿಡಿದು ಯಾರೂ ನಿಲ್ಲಬಾರದು. ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಹೋಗಬಾರದು. ಹೋಟೆಲಿನಲ್ಲಿ ನೆಲಮಹಡಿಯ ರೂಮ್ ಬೇಡ, ಅಗ್ನಿಶಾಮಕ ದಳದ ಏಣಿ ಮುಟ್ಟದಷ್ಟು ಮೇಲೂ ಬೇಡ. ರಿಸೆಪ್ಶನ್‌ನಲ್ಲಿ ರೂಮ್ ನಂಬರನ್ನು ಜೋರಾಗಿ ಹೇಳಿದರೆ ಬೇರೆ ರೂಮ್ ಕೇಳಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂಬುದು ಮನೆಯಲ್ಲಿ ಒಬ್ಬರಿಗೆ ಮತ್ತು ಆಫೀಸಿನಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸಾಕು.

ಎಲ್ಲರೂ ಬರೆದುಕೊಳ್ಳುತ್ತಿದ್ದರು. ನನಗೆ ನಗು ಬಂತು. ಇದು ನನ್ನ ಉಪ್ಪನ ಪಾಠ. ಉಪ್ಪ ಅದಕ್ಕೆ ಫೀಸ್ ತೆಗೆದುಕೊಂಡಿರಲಿಲ್ಲ ಅಷ್ಟೆ.

ಉಪ್ಪಿನಂಗಡಿಯಲ್ಲಿ ನಮ್ಮದು ಸಣ್ಣ ಬಟ್ಟೆ ಅಂಗಡಿ. ತೊಂಬತ್ತರ ದಶಕದಲ್ಲಿ ಉಪ್ಪ ವರ್ಷಕ್ಕೆ ಮೂರ್ನಾಲ್ಕು ಸಲ ಬನಿಯನ್, ಟೀ ಶರ್ಟ್ ತರಲು ತಿರುಪ್ಪೂರಿಗೆ ಹೋಗುತ್ತಿದ್ದರು. ಮಂಗಳೂರಿನಿಂದ ರೈಲು. ಖಾದರ್‌ಪೇಟೆಯಲ್ಲಿ ಸರಕು ನೋಡುವುದು, ರೇಟ್ ಮಾತಾಡುವುದು, ಲಾರಿ ಆಫೀಸಿಗೆ ಹಾಕಿ ವಾಪಸ್. ದುಡ್ಡು ನಗದು. ಒಳಬನಿಯನ್ನಿಗೆ ಉಮ್ಮ ಬಟ್ಟೆಯ ಚೀಲ ಹೊಲಿದು ಕೊಡುತ್ತಿದ್ದರು. ಯಾವ ರೈಲು ಎಂದು ಅಂಗಡಿಯ ಹುಡುಗರಿಗೂ ಹೇಳುತ್ತಿರಲಿಲ್ಲ. ಲಾಡ್ಜಿನಲ್ಲಿ ಬಾಗಿಲು ಹಾಕಿಕೊಂಡರೂ ದುಡ್ಡು ಎಣಿಸುತ್ತಿರಲಿಲ್ಲ. ಹೋಗುವಾಗ ಕುಡಿದ ಚಹಾದಂಗಡಿಯಲ್ಲಿ ಬರುವಾಗ ಕುಡಿಯುತ್ತಿರಲಿಲ್ಲ. ಮುಟ್ಟಿದ ಕೂಡಲೇ ಎಸ್‌ಟಿಡಿ ಬೂತ್‌ನಿಂದ ಪಕ್ಕದ ಮೆಡಿಕಲ್ ಶಾಪಿಗೆ ಫೋನ್, ಅಲ್ಲಿಂದ ಮನೆಗೆ ಸುದ್ದಿ. ನಾನು ಹೈಸ್ಕೂಲಿನಲ್ಲಿರುವಾಗ ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಲಾಡ್ಜಿಗೆ ಹೋದ ಮೇಲೆ ಮೊದಲು ಮಾಡಿದ ಕೆಲಸ, ಮೆಟ್ಟಿಲು ಎಲ್ಲಿದೆ ಎಂದು ನೋಡಿಕೊಂಡು ಬಂದದ್ದು.

ಕಂಪನಿಯ ಪಾಠದಲ್ಲಿ ಇಲ್ಲದ ಒಂದು ನಿಯಮವೂ ಉಪ್ಪನ ಬಳಿ ಇತ್ತು. 1998ರ ಫೆಬ್ರವರಿ 14ರಂದು ಕೊಯಮತ್ತೂರಿನಲ್ಲಿ ಸರಣಿ ಬಾಂಬ್ ಸ್ಫೋಟವಾಗಿ 58 ಮಂದಿ ಸತ್ತರು. ಆಮೇಲೆ ಕೆಲವು ತಿಂಗಳು ಉಪ್ಪ ಆ ಕಡೆ ಹೋಗಲಿಲ್ಲ. ಮತ್ತೆ ಹೋದಾಗ, ಹಿಂದೆ ಸಲಾಂ ಹೇಳಿ ರೂಮ್ ಕೊಡುತ್ತಿದ್ದ ಲಾಡ್ಜಿನವರು ಹೆಸರು ಬರೆದುಕೊಂಡು, ರೂಮ್ ಖಾಲಿ ಇಲ್ಲ ಎಂದರಂತೆ. ಅಲ್ಲಿಂದ ಮುಂದೆ ಅವರ ಚೀಲದಲ್ಲಿ ಅಂಗಡಿಯ ಲೈಸೆನ್ಸ್ ನಕಲು ಮತ್ತು ವರ್ತಕರ ಸಂಘದ ಒಂದು ಪತ್ರ ಯಾವಾಗಲೂ ಇರುತ್ತಿತ್ತು. ಭದ್ರತೆಯ ಪುಸ್ತಕಗಳು ಪ್ರಯಾಣಿಕನಿಗೆ ಯಾರಿಂದ ಅಪಾಯ ಎಂದು ಹೇಳುತ್ತವೆ. ಪ್ರಯಾಣಿಕನನ್ನೇ ಅಪಾಯ ಎಂದು ನೋಡಿದರೆ ಏನು ಮಾಡಬೇಕು ಎಂದು ಹೇಳುವುದಿಲ್ಲ. 2022ರ ಅಕ್ಟೋಬರಿನಲ್ಲಿ ಉಕ್ಕಡದಲ್ಲಿ ಕಾರು ಸ್ಫೋಟವಾದ ನಂತರ ನಾನೂ ಅದೇ ಅಭ್ಯಾಸ ಮಾಡಿಕೊಂಡೆ. ಕಂಪನಿಯ ಐಡಿ ಕಾರ್ಡ್, ಆ ದಿನದ ಕೆಲಸದ ಇಮೇಲ್‌ನ ಪ್ರಿಂಟ್. ತಡೆದು ಕೇಳಿದರೆ ಶಾಂತವಾಗಿ ತೋರಿಸುವುದು. ಇದರಲ್ಲಿ ಬೇಸರ ಉಂಟು, ನಾಚಿಕೆ ಇಲ್ಲ.

ತರಬೇತಿಗೆ ಮತ್ತೆ ಬರುತ್ತೇನೆ. 2024ರ ಡಿಸೆಂಬರ್ 4ರಂದು ನ್ಯೂಯಾರ್ಕಿನಲ್ಲಿ ಯುನೈಟೆಡ್‌ಹೆಲ್ತ್‌ಕೇರ್ ಎಂಬ ವಿಮಾ ಕಂಪನಿಯ ಮುಖ್ಯಸ್ಥರನ್ನು ಹೋಟೆಲಿನ ಹೊರಗೆ ಗುಂಡಿಟ್ಟು ಕೊಂದರು. ಆ ಮೇಲೆ ಜಗತ್ತಿನ ದೊಡ್ಡ ಕಂಪನಿಗಳೆಲ್ಲ ಬೆಚ್ಚಿ ಬಿದ್ದವು, ಅದಕ್ಕೇ ಇಂಥ ತರಬೇತಿಗಳು ಹೆಚ್ಚಾಗಿವೆ ಎಂದು ಪಾಠ ಮಾಡಿದವರು ಹೇಳಿದರು. ಸರಿ. ಮುಕೇಶ್ ಅಂಬಾನಿಯವರ ಕುಟುಂಬಕ್ಕೆ ದೇಶದಲ್ಲೂ ವಿದೇಶದಲ್ಲೂ ಝಡ್ ಪ್ಲಸ್ ಭದ್ರತೆ ಇರಬೇಕು, ಖರ್ಚು ಅವರದೇ ಎಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಂಥವರಿಗೆ ಅದು ಬೇಕಾಗಿರಬಹುದು. ಆದರೆ ನಮ್ಮ ಮನೆಗಳಿಂದ ಹೊರಟು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರು, ಕೊಚ್ಚಿ ಎಂದು ತಿರುಗುವ ನೂರಾರು ಮ್ಯಾನೇಜರ್, ಸೇಲ್ಸ್, ಸರ್ವಿಸ್ ಹುಡುಗರಿಗೆ ಗನ್‌ಮ್ಯಾನ್ ಇಲ್ಲ. ಅವರಿಗೆ ಯಾವುದರಿಂದ ಅಪಾಯ? ನಾನು ಕೆಲಸ ಮಾಡುವ ಈ ಎರಡು ಜಿಲ್ಲೆಗಳಲ್ಲೇ ನಡೆದದ್ದನ್ನು ನೋಡೋಣ.

ಮೊದಲನೆಯದು ಕಾರ್ಖಾನೆಯ ಒಳಗಿನದು. 2009ರ ಸೆಪ್ಟೆಂಬರ್ 21ರಂದು ಕೊಯಮತ್ತೂರಿನ ಪೆರಿಯನಾಯಕ್ಕನ್‌ಪಾಳಯಂನಲ್ಲಿ ಪ್ರಿಕಾಲ್ ಕಂಪನಿಯ ಮಾನವ ಸಂಪನ್ಮೂಲ ವಿಭಾಗದ ಉಪಾಧ್ಯಕ್ಷ ರಾಯ್ ಜೆ. ಜಾರ್ಜ್ ಅವರ ಮೇಲೆ ಹಲ್ಲೆಯಾಯಿತು. ಮರುದಿನ ಅವರು ತೀರಿಕೊಂಡರು. ಅಲ್ಲಿ 2007ರಿಂದಲೇ ಆಡಳಿತಕ್ಕೂ ಕಾರ್ಮಿಕರಿಗೂ ಜಗಳ ಇತ್ತು. ಹಲ್ಲೆಗೆ ಸ್ವಲ್ಪ ಮೊದಲು 42 ಮಂದಿಯನ್ನು ಕೆಲಸದಿಂದ ತೆಗೆದಿದ್ದರು. 2015ರಲ್ಲಿ ಕೊಯಮತ್ತೂರಿನ ನ್ಯಾಯಾಲಯ ಎಂಟು ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2017ರಲ್ಲಿ ಮದ್ರಾಸ್ ಹೈಕೋರ್ಟ್ ಅವರಲ್ಲಿ ಆರು ಮಂದಿಯನ್ನು ಬಿಡುಗಡೆ ಮಾಡಿತು. ಒಂದು ಮನೆಯಲ್ಲಿ ಸಾವು, ಇನ್ನು ಕೆಲವು ಮನೆಗಳಲ್ಲಿ ವರ್ಷಗಟ್ಟಲೆ ಜೈಲು. ದಾರಿ ಬದಲಿಸಿ ಆಫೀಸಿಗೆ ಬಂದಿದ್ದರೆ ಇದು ತಪ್ಪುತ್ತಿರಲಿಲ್ಲ. ಎರಡು ವರ್ಷ ಕುದಿಯುತ್ತಿದ್ದ ಜಗಳವನ್ನು ಮೇಲಿನವರು ಕೂತು ಬಗೆಹರಿಸಬೇಕಿತ್ತು. ಬಗೆಹರಿಯದ ಜಗಳದ ಎದುರು ಸಂಬಳದ ಅಧಿಕಾರಿಯೊಬ್ಬನನ್ನು ನಿಲ್ಲಿಸಿದರೆ ಪೆಟ್ಟು ಅವನಿಗೇ. ನಮ್ಮ ಹುಡುಗರು ಎಚ್‌ಆರ್ ಕೆಲಸಕ್ಕೆ ಈಗ ತುಂಬಾ ಹೋಗುತ್ತಿದ್ದಾರೆ, ಇದು ಅವರಿಗೆ ಗೊತ್ತಿರಲಿ.

ಎರಡನೆಯದು ದರೋಡೆ. 2024ರ ಜೂನ್‌ನಲ್ಲಿ ಬೆಂಗಳೂರಿನಿಂದ ಕೇರಳಕ್ಕೆ ಹೋಗುತ್ತಿದ್ದ ಕಾರೊಂದನ್ನು ಕೊಯಮತ್ತೂರು ದಾಟಿದ ಮೇಲೆ ಮದುಕ್ಕರೈ ಹತ್ತಿರ ರಾತ್ರಿ ಒಂದು ಗುಂಪು ಅಡ್ಡಗಟ್ಟಿ ಗಾಜು ಒಡೆಯಿತು. ಡ್ಯಾಶ್‌ಕ್ಯಾಮ್‌ನ ವಿಡಿಯೊವನ್ನು ನಿಮ್ಮಲ್ಲಿ ಹಲವರು ವಾಟ್ಸ್ಯಾಪಿನಲ್ಲಿ ನೋಡಿರುತ್ತೀರಿ. ಕಾರಿನಲ್ಲಿ ಹವಾಲಾ ಹಣ ಇದೆ ಎಂದು ಅವರು ತಿಳಿದಿದ್ದರಂತೆ. ಇದ್ದದ್ದು ಕಂಪ್ಯೂಟರ್ ಸಾಮಾನು. ಕಾರನ್ನು ನಿಲ್ಲಿಸದೆ ಮುಂದಕ್ಕೆ ಓಡಿಸಿದ್ದರಿಂದ ಅದರಲ್ಲಿದ್ದವರು ಪಾರಾದರು. ಈ ರಸ್ತೆಯಲ್ಲಿ ನಗದು ಹೋಗುತ್ತದೆ ಎಂಬ ನಂಬಿಕೆ ಕಳ್ಳರಿಗೆ ಇರುವವರೆಗೆ ನಗದು ಇಲ್ಲದವನಿಗೂ ಭಯವೇ. ಖಾದರ್‌ಪೇಟೆಯ ಸಣ್ಣ ಅಂಗಡಿಯಲ್ಲೂ ಈಗ ಕ್ಯೂಆರ್ ಕೋಡ್ ಉಂಟು. ಉಪ್ಪನ ಕಾಲದಲ್ಲಿ ಒಳಬನಿಯನ್ನಿನ ಚೀಲ ಬುದ್ಧಿವಂತಿಕೆ. ಈಗಲೂ ಸೀಟಿನ ಕೆಳಗೆ ನೋಟಿನ ಕಟ್ಟು ಇಟ್ಟುಕೊಂಡು ಸರಕಿಗೆ ಹೋಗುವವರು ಯಾವ ಟ್ಯಾಕ್ಸ್ ಉಳಿಸಿದರೂ ಲೆಕ್ಕ ತಾಳೆಯಾಗುವುದಿಲ್ಲ.

ಮೂರನೆಯದು ನಿದ್ದೆ. 2020ರ ಫೆಬ್ರವರಿ 20ರ ಬೆಳಗಿನ ಜಾವ, ತಿರುಪ್ಪೂರು ಜಿಲ್ಲೆಯ ಅವಿನಾಶಿ. ಬೆಂಗಳೂರಿನಿಂದ ಎರ್ನಾಕುಲಂಗೆ ಹೋಗುತ್ತಿದ್ದ ಕೇರಳ ಸರಕಾರಿ ವೋಲ್ವೊ ಬಸ್. ಎದುರಿನ ದಾರಿಯಲ್ಲಿ ಟೈಲ್ಸ್ ತುಂಬಿದ ಕಂಟೈನರ್ ಲಾರಿ. ಲಾರಿ ಡಿವೈಡರ್ ಹತ್ತಿ ದಾಟಿ ಬಂದು ಬಸ್ಸಿಗೆ ಬಡಿಯಿತು. ಡ್ರೈವರ್, ಕಂಡಕ್ಟರ್ ಸೇರಿ 19 ಮಂದಿ ಹೋದರು. ಮೊದಲು ಟೈರ್ ಸಿಡಿದದ್ದು ಎಂದರು. ಆಮೇಲೆ, ಲಾರಿಯ ಚಾಲಕ ನಿದ್ದೆಗೆ ಜಾರಿದ್ದ ಎಂದು ಗೊತ್ತಾಯಿತು. ಬಸ್ಸಿನಲ್ಲಿದ್ದವರು ಹೆಚ್ಚಿನವರು ನಮ್ಮಂಥವರೇ. ಬೆಂಗಳೂರಿನಲ್ಲಿ ಕೆಲಸ, ಊರಿನಲ್ಲಿ ಮನೆ, ರಾತ್ರಿ ಹೊರಟರೆ ಬೆಳಿಗ್ಗೆ ಮುಟ್ಟಬಹುದು ಎಂಬ ಲೆಕ್ಕ.

ಮೂರನ್ನೂ ಪಕ್ಕದಲ್ಲಿಟ್ಟು ನೋಡಿ. ಅಧಿಕಾರಿಯೊಬ್ಬ ಕಾರ್ಖಾನೆಯೊಳಗೆ ಕೊಲೆಯಾದದ್ದು ಹದಿನೈದು ವರ್ಷವಾದರೂ ಜನರ ನೆನಪಿನಲ್ಲಿ ಉಳಿಯುವಷ್ಟು ಅಪರೂಪ. ರಸ್ತೆಯ ಸಾವು ಹಾಗಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491. ಆ ವರ್ಷ ಎಲ್ಲ ರಾಜ್ಯಗಳ ಪೈಕಿ ಅತಿ ಹೆಚ್ಚು ಅಪಘಾತ ನಡೆದದ್ದು ತಮಿಳುನಾಡಿನಲ್ಲಿ. ಟಾಟಾ ಸನ್ಸ್‌ನ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಹೋದದ್ದು ಶತ್ರುವಿನ ಕೈಯಿಂದಲ್ಲ. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಹಗಲು ಹೊತ್ತಿನಲ್ಲಿ, ದುಬಾರಿ ಮರ್ಸಿಡಿಸ್ ಕಾರು ಸೇತುವೆಯ ಗೋಡೆಗೆ ಬಡಿದು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಇಬ್ಬರೂ ತೀರಿಕೊಂಡರು. ಮುಂದೆ ಕೂತಿದ್ದ ಇಬ್ಬರು ಗಾಯಗೊಂಡು ಬದುಕಿದರು.

ನಾನು ಡಿಪ್ಲೊಮಾ ಓದಿದವನು, ಲೆಕ್ಕ ಹಾಕದೆ ಇರಲು ಆಗುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಣ್ಣು ಎರಡು ಸೆಕೆಂಡ್ ಮುಚ್ಚಿದರೆ 44 ಮೀಟರ್ ನೀವು ಇಲ್ಲದೆಯೇ ಕಾರು ಹೋಯಿತು ಎಂದು ಅರ್ಥ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಡಿಯುವುದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ, ಬಿದ್ದ ಹಾಗೆ. ಹಿಂದಿನ ಸೀಟಿನಲ್ಲಿ ಉಮ್ಮನ ಮಡಿಲಲ್ಲಿ ಮಲಗಿರುವ ಮಗುವನ್ನು ಯಾವ ಕೈಯೂ ಹಿಡಿದು ನಿಲ್ಲಿಸಲಾರದು.

ಈ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಆದರೂ ಏನು ಮಾಡಿದೆ ಎಂದು ಹೇಳುತ್ತೇನೆ. ಇದನ್ನು ಮನೆಯಲ್ಲಿ ಈವರೆಗೆ ಹೇಳಿಲ್ಲ. ಇಲ್ಲಿ ಬರೆದರೆ ಯಾರಾದರೂ ಉಮ್ಮನಿಗೆ ಓದಿ ಹೇಳುತ್ತಾರೆ, ಹೇಳಲಿ.

ಕಳೆದ ವರ್ಷ ಬಂಟ್ವಾಳದಲ್ಲಿದ್ದ ನನ್ನ ದೊಡ್ಡ ಮಾಮ ತೀರಿಕೊಂಡರು. ರಾತ್ರಿ ಒಂಬತ್ತೂವರೆಗೆ ಉಮ್ಮನ ಫೋನ್. ಬೆಳಿಗ್ಗೆ ಹತ್ತಕ್ಕೆ ಮಯ್ಯಿತ್ ತೆಗೆಯುತ್ತಾರೆ ಎಂದರು. ಚಿಕ್ಕವನಿರುವಾಗ ನನಗೆ ಸೈಕಲ್ ಕಲಿಸಿದ ಮಾಮ. ಆ ದಿನ ನಾನು ಬೆಳಿಗ್ಗೆ ಐದಕ್ಕೆ ಎದ್ದು ಪಲ್ಲಡದಲ್ಲಿ ಒಂದು ಮೆಷಿನ್ ಬಿಚ್ಚಿ ಜೋಡಿಸಿ ಬಂದಿದ್ದೆ. ಹತ್ತೂವರೆಗೆ ಹೆಂಡತಿ, ಆರು ವರ್ಷದ ಮಗಳ ಜೊತೆ ಕೊಯಮತ್ತೂರಿನಿಂದ ಹೊರಟೆ. ಸಫರ್‌ನ ದುಆ ಓದಿಯೇ ಕಾರು ಸ್ಟಾರ್ಟ್ ಮಾಡಿದ್ದು. ಹಿಂದಿನವರು ಬೆಲ್ಟ್ ಹಾಕಿಕೊಂಡರೋ ಎಂದು ನೋಡಲಿಲ್ಲ. ಪಾಲಕ್ಕಾಡ್, ಕೋಝಿಕ್ಕೋಡ್ ದಾಟಿದೆವು. ಎರಡು ಕಡೆ ಚಹಾ ಕುಡಿದೆ, ಗಾಜು ಇಳಿಸಿದೆ, ಮುಖ ತೊಳೆದೆ. ನಿದ್ದೆ ಓಡಿಸಲು ನಾವೆಲ್ಲ ಮಾಡುವ ಕೆಲಸವೇ. ನಾಲ್ಕು ಗಂಟೆಯ ಹೊತ್ತಿಗೆ ತಲಶ್ಶೇರಿ ಬೈಪಾಸ್‌ನಲ್ಲಿದ್ದೆ. ನುಣುಪಾದ ರಸ್ತೆ, ಗಾಡಿಗಳು ಕಡಿಮೆ. ಆಮೇಲೆ ನನಗೆ ನೆನಪಿರುವುದು ಹೆಂಡತಿಯ ಕೂಗು.

ಕಾರು ಬದಿಯ ಕಬ್ಬಿಣದ ತಡೆಗೆ ಉಜ್ಜುತ್ತಾ ಹೋಗುತ್ತಿತ್ತು. ಬ್ರೇಕ್ ಒತ್ತಿದೆ. ಮಡಿಲಲ್ಲಿ ಮಲಗಿದ್ದ ಮಗಳು ಮುಂದಕ್ಕೆ ಎಸೆದ ಹಾಗೆ ಬಂದು ನನ್ನ ಸೀಟಿನ ಹಿಂಬದಿಗೆ ಬಡಿದಳು. ಹಣೆ ಊದಿತು, ಬೇರೆ ಏನೂ ಆಗಲಿಲ್ಲ, ಅಲ್‌ಹಂದುಲಿಲ್ಲಾಹ್. ಮುಂದೆ ಸಿಕ್ಕಿದ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದೆ. ಹೆಂಡತಿ ಒಂದು ಮಾತೂ ಆಡಲಿಲ್ಲ, ಕೀಲಿಕೈ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. ಎರಡು ಗಂಟೆ ಮಲಗಿದೆ.

ಬಂಟ್ವಾಳ ಮುಟ್ಟುವಾಗ ಹತ್ತೂಕಾಲು. ಮಯ್ಯಿತ್ ಆಗಲೇ ಪಳ್ಳಿಗೆ ತಂದಿದ್ದರು. ನಮಾಝ್ ಸಿಕ್ಕಿತು. ಮಗಳ ಹಣೆಗೆ ಏನಾಯಿತು ಎಂದು ಉಮ್ಮ ಕೇಳಿದರು, ಕಾರಿನ ಬಾಗಿಲು ತಾಗಿದ್ದು ಎಂದೆ. ಎಲ್ಲ ಮುಗಿದ ಮೇಲೆ ಮಾಮನ ಮಗ ನನ್ನ ಪಕ್ಕ ಕೂತು ಹೇಳಿದ: "ನೀನು ಅಷ್ಟು ದೂರದಿಂದ ಬರುತ್ತೀ ಎಂದು ಮೊದಲೇ ಹೇಳಿದ್ದರೆ ಳುಹರ್‌ಗೆ ಇಡುತ್ತಿದ್ದೆವು ಮಾರಾಯ. ಎರಡು ಗಂಟೆಯಲ್ಲಿ ಏನಿದೆ?"

ನಾನು ಕೇಳಿರಲಿಲ್ಲ. ಅವರು ಹೇಳಿರಲಿಲ್ಲ. ಹೊತ್ತು ನಿಗದಿ ಮಾಡಿದವರಿಗೆ ನಾನು ಕೊಯಮತ್ತೂರಿನಲ್ಲಿರುವುದು ನೆನಪಿಗೆ ಬರಲಿಲ್ಲ. ನನಗೆ ಫೋನ್ ಮಾಡಿ ಒಂದು ಮಾತು ಕೇಳುವುದು ಅಗೌರವ ಎಂದು ಅನಿಸಿತ್ತು. ಆ ಒಂದು ಮಾತಿನ ಬದಲಿಗೆ ಮೂರು ಜೀವ ರಸ್ತೆಯಲ್ಲಿತ್ತು.

ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮಲ್ಲಿ ರಾತ್ರಿಯಿಡೀ ಗಾಡಿ ಓಡಿಸಿ ಬರುವುದನ್ನು ಪ್ರೀತಿಯ ಲಕ್ಷಣ ಎಂದು ನೋಡುತ್ತೇವೆ. ಮದುವೆಗೆ ಬಂದವನಿಗೆ "ರಾತ್ರಿ ಹೊರಟು ಬಂದನಂತೆ ನೋಡಿ" ಎಂದು ಮೆಚ್ಚುಗೆ. ಗುರುವಾರ ಸಂಜೆ ಕೆಲಸ ಮುಗಿಸಿ ಹೊರಟು ಶುಕ್ರವಾರ ಜುಮಾಕ್ಕೆ ಊರ ಪಳ್ಳಿಯಲ್ಲಿ ಕಾಣಿಸಿಕೊಂಡವನು ಒಳ್ಳೆಯ ಮಗ. ಬೆಳಿಗ್ಗೆ ಹೊರಟು ಸಂಜೆ ಮುಟ್ಟಿದವನು ಉದಾಸೀನದವನು. ಈ ಮೆಚ್ಚುಗೆಯನ್ನು ನಾವು ನಿಲ್ಲಿಸಬೇಕು. ಮಯ್ಯಿತ್‌ನ ವಿಷಯದಲ್ಲಿ ತಡ ಮಾಡಬಾರದು ಎಂಬುದು ನನಗೂ ಗೊತ್ತು, ಎಷ್ಟು ಕಾಯಬಹುದು ಎಂದು ಹೇಳುವ ಅರ್ಹತೆ ನನಗಿಲ್ಲ, ಅದನ್ನು ಉಸ್ತಾದರ ಬಳಿ ಕೇಳಿ. ಆದರೆ ಹೊತ್ತು ನಿಗದಿ ಮಾಡುವ ಮೊದಲು ದೂರದಲ್ಲಿ ಯಾರಿದ್ದಾರೆ ಎಂದು ಒಬ್ಬರು ಯೋಚಿಸಬಹುದಲ್ಲ? ಕಾಯಲು ಆಗುವುದಿಲ್ಲ ಎಂದಾದರೆ, "ನೀನು ಬೆಳಗಾದ ಮೇಲೆ ಹೊರಡು, ನಾವು ನಿನ್ನ ಪರವಾಗಿ ಮಣ್ಣು ಹಾಕುತ್ತೇವೆ, ನೀನು ಬಂದು ಝಿಯಾರತ್ ಮಾಡು" ಎಂದು ಮನೆಯ ಹಿರಿಯರು ಬಾಯಿ ಬಿಟ್ಟು ಹೇಳಬೇಕು. ಹಿರಿಯರು ಹೇಳದೆ ಕಿರಿಯರು ನಿಲ್ಲುವುದಿಲ್ಲ.

ಕಂಪನಿಗಳ ತಪ್ಪೂ ಉಂಟು, ಅದರಲ್ಲಿ ನನ್ನ ಪಾಲೂ ಉಂಟು. ನನ್ನ ಕೈಕೆಳಗೆ ಆರು ಸರ್ವಿಸ್ ಹುಡುಗರಿದ್ದಾರೆ. ರಾತ್ರಿ ಹನ್ನೊಂದಕ್ಕೆ ಗಿರಾಕಿ ಫೋನ್ ಮಾಡಿ ಮೆಷಿನ್ ನಿಂತಿದೆ ಎಂದರೆ ನಾನು ಬೈಕಿನಲ್ಲಿ ಹುಡುಗನನ್ನು ಕಳುಹಿಸುತ್ತಿದ್ದೆ. ಒಬ್ಬ ಉಡುಮಲೈ ರಸ್ತೆಯಲ್ಲಿ ಜಾರಿ ಬಿದ್ದು ಭುಜದ ಎಲುಬು ಮುರಿದುಕೊಂಡ. ತಮಿಳು ಹುಡುಗ, ಅವನ ಅಮ್ಮ ಆಸ್ಪತ್ರೆಯಲ್ಲಿ ನನ್ನನ್ನು ಬೈಯಲಿಲ್ಲ, ನೀರು ತಂದು ಕೊಟ್ಟರು. ಅದು ಬೈಗುಳಕ್ಕಿಂತ ಕಷ್ಟ. ಬಂಟ್ವಾಳದಿಂದ ವಾಪಸ್ ಬಂದ ವಾರವೇ ನಿಯಮ ಬದಲಿಸಿದೆ. ರಾತ್ರಿ ಹತ್ತರ ನಂತರ ಬೈಕ್ ಇಲ್ಲ, ಫೋನಿನಲ್ಲೇ ಆದಷ್ಟು ಸರಿ ಮಾಡಿಸುವುದು, ಉಳಿದದ್ದು ಬೆಳಿಗ್ಗೆ ಆರಕ್ಕೆ. ಒಬ್ಬ ಗಿರಾಕಿ ಬಿಟ್ಟು ಹೋದ. ಮೇಲಿನವರು ಕಾರಣ ಕೇಳಿದರು, ಬರೆದು ಕೊಟ್ಟೆ. ಕೆಲಸ ಹೋಗಲಿಲ್ಲ. ಹೋಗುತ್ತಿತ್ತೇನೋ, ಹೇಳಲು ಬರುವುದಿಲ್ಲ.

ಲಾಡ್ಜಿಗೆ ಸಾವಿರ ರೂಪಾಯಿ ಯಾರು ಕೊಡುತ್ತಾರೆ, ರಾತ್ರಿ ಬಸ್ ಎಂದರೆ ಒಂದು ದಿನದ ರಜೆ ಉಳಿಯಿತು ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಅಂಥವರಿಗೆ ನಾನು ಹೇಳುವುದು ರೈಲು. ಚೆನ್ನೈ–ಮಂಗಳೂರು ರೈಲುಗಳು ತಿರುಪ್ಪೂರಿನ ಮೇಲೆಯೇ ಹೋಗುತ್ತವೆ. ಕಾರೇ ಬೇಕು ಎಂದಾದರೆ ಹಗಲು. ಸತ್ಯಮಂಗಲದ ದಿಂಬಂ ಘಾಟಿಯ 27 ತಿರುವುಗಳ ಹೆಸರು ಕೇಳಿದರೆ ಉಪ್ಪನ ಕಾಲದವರಿಗೆ ವೀರಪ್ಪನ್ ನೆನಪು. 2000ನೇ ಇಸವಿಯ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದು ಆ ಘಾಟಿಯ ಮೇಲಿನ ತಾಳವಾಡಿ ಕಡೆಯ ಗಾಜನೂರಿನಿಂದ. ಬಿಡುಗಡೆಗೆ 108 ದಿನ ಬೇಕಾಯಿತು. ವೀರಪ್ಪನ್ 2004ರಲ್ಲೇ ಹೋದ. ಈಗ ಆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಉಂಟು, 2022ರ ಫೆಬ್ರವರಿಯಿಂದ, ಮದ್ರಾಸ್ ಹೈಕೋರ್ಟಿನ ಆದೇಶದಂತೆ. ಬಂಡೀಪುರದಲ್ಲೂ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಗೇಟ್ ಹಾಕುತ್ತಾರೆ. ಆನೆ, ಹುಲಿಗಳಿಗಾಗಿ ಮಾಡಿದ ನಿಯಮ. ನಮ್ಮ ಮಕ್ಕಳಿಗಾಗಿ ಅಂಥದೊಂದು ಗೇಟನ್ನು ನಮ್ಮ ನಮ್ಮ ಮನೆಯಲ್ಲೇ ಹಾಕಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಈಗ ಇರುವ ಪದ್ಧತಿ ಹೀಗೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರ ತನಕ ಸ್ಟಿಯರಿಂಗ್ ಹಿಡಿಯುವುದಿಲ್ಲ. ಹಿಂದಿನವರ ಬೆಲ್ಟಿನ ಶಬ್ದ ಕೇಳದೆ ಕಾರು ಹೊರಡುವುದಿಲ್ಲ. ಹಿಂದೆ ಕೂತವರಿಗೂ ಬೆಲ್ಟ್ ಕಾನೂನಿನಲ್ಲೇ ಕಡ್ಡಾಯ, ತಪ್ಪಿದರೆ 1,000 ರೂಪಾಯಿ ದಂಡ. ಗಾಡಿಯ ನಂಬರ್, ದಾರಿ, ಮುಟ್ಟುವ ಹೊತ್ತು ಮನೆಯಲ್ಲಿ ಒಬ್ಬರಿಗೆ ಗೊತ್ತಿರುತ್ತದೆ. ಸ್ಟೇಟಸ್‌ಗೆ ಹಾಕುವುದು ಮುಟ್ಟಿದ ಮೇಲೆ. ಮತ್ತು ಹೆಂಡತಿ ನಿಲ್ಲಿಸು ಎಂದರೆ ನಿಲ್ಲಿಸುವುದು. ಯಾಕೆ ಎಂದು ಕೇಳುವುದು ನಿಲ್ಲಿಸಿದ ನಂತರ.

ಉಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಅಂಗಡಿ ತಮ್ಮ ನೋಡಿಕೊಳ್ಳುತ್ತಾನೆ. ಹೋದ ವಾರ ಫೋನಿನಲ್ಲಿ, "ಉಪ್ಪ, ಈ ಸಲ ಶುಕ್ರವಾರ ಬೆಳಿಗ್ಗೆ ಹೊರಡುತ್ತೇನೆ, ಊರ ಜುಮಾ ಸಿಗುವುದಿಲ್ಲ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೇಸರವಾಯಿತು ಎಂದುಕೊಂಡೆ. ಆಮೇಲೆ ಕೇಳಿದರು: "ದಾರಿಯಲ್ಲಿ ಜುಮಾ ಎಲ್ಲಿ ಸಿಗುತ್ತದೆ, ಕೋಝಿಕ್ಕೋಡ್ ಆಗಬಹುದಾ? ಅಲ್ಲಿ ನಿಲ್ಲಿಸಿ ಮಾಡು. ಊಟ ಮಾಡಿ ನಿಧಾನ ಬಾ. ನಾನು ಎಚ್ಚರ ಇರುತ್ತೇನೆ."